ಚಾಕುವಿನ ಹಿಡಿಯಾದ ನಾವಿಕ

ಆ ಶನಿವಾರ ಸಿರಿಲ್ ತನ್ನ ಹಂದಿಮಾಂಸದ ಹೂರಣ ತುಂಬಿ ಬೇಯಿಸಿದ ಪೈಯನ್ನು ಕೈಯಲ್ಲೇ ಹಿಡಿದು ಕಚ್ಚಿ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಗ್ರಹಚಾರ ಕೆಟ್ಟಾಗಲೇ ಮನುಷ್ಯನಿಗೆ ನಾಜೂಕು ಹೆಚ್ಚುವುದು. ಪಬ್ಬಿನ ಮೇಜಿನ ಮೇಲೆ ಅಜ್ಜನ ಕಾಲದ ಮಡಿಸುವ ಚಾಕು ಹೊರಬಂತು. ಎದುರಿಗೆ ಕೂತಿದ್ದ ಗೆಳೆಯ ಹೊರೇಸನ ಕಣ್ಣು ಅದರ ಹಿಡಿಯ ಮೇಲೆ ಬಿತ್ತು.

ಚಾಕು ತಯಾರಿಕೆಗೇ ಹೆಸರಾದ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಯಾರ ತಾತನನ್ನು ವಿಚಾರಿಸಿದರೂ ಒಂದೋ ಅಲಗಿಗೆ ಸಾಣೆ ಹಿಡಿದವನು, ಇಲ್ಲವೇ ಹಿಡಿ ಕೂರಿಸಿದವನು. ಹೀಗಾಗಿ ಚಾಕುವಿನ ಹಿಡಿಯ ವಿಷಯದಲ್ಲಿ 'ನನಗೆ ಗೊತ್ತಿಲ್ಲ' ಎನ್ನುವ ಗಂಡಸು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

"ಯಾವುದರ ಹಿಡಿಯೋ ಇದು?"

"ಜಿಂಕೆ ಕೊಂಬು ಕಣೋ. ನಮ್ಮಜ್ಜ ಹೇಳ್ತಿದ್ದ."

"ನಿಮ್ಮಜ್ಜನ ತಲೆ! ಕೊಂಬು ತರಿತರಿ ಇರುತ್ತೆ. ಇದು ನೋಡು, ಮಗು ಕೆನ್ನೆ ಹಾಗಿದೆ." ಹೊರೇಸ್ ಹಿಡಿಯನ್ನು ಬೆಳಕಿಗೆ ಒಡ್ಡಿದ, ಮೂಸಿದ, ಕೊನೆಗೆ ಒಂದು ಸಲ ನೆಕ್ಕಿಯೂ ನೋಡಿದ. ನೆಕ್ಕಿದವನ ಮುಖ ಬಿಳಿಚಿಕೊಂಡಿತು. "ದನದ ಮೂಳೆ ಅಲ್ಲ, ದಂತವೂ ಅಲ್ಲ. ಹಿಂದೆಲ್ಲ ಹಡಗಿನವರು ಸತ್ತ ಜೊತೆಗಾರನ ಕಾಲಿನ ಮೂಳೆ ತಂದು ಹಿಡಿ ಮಾಡಿಸ್ಕೊಳ್ತಿದ್ರಂತೆ, ನಮ್ಮಪ್ಪ ಹೇಳ್ತಿದ್ರು. ಸಿರಿಲ್, ಇದು ಮನುಷ್ಯಂದು ಕಣೋ!"

ಸಿರಿಲ್‌ನ ಬಾಯಲ್ಲಿದ್ದ ಪೈ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅದೇ ಚಾಕುವಿನಲ್ಲಿ ಅವನು ಇಪ್ಪತ್ತು ವರ್ಷದಿಂದ ಚೀಸ್ ಕತ್ತರಿಸಿದ್ದ, ಸೇಬು ಸುಲಿದಿದ್ದ. ಹಿಡಿಯ ತುದಿಯಿಂದ ಒಮ್ಮೊಮ್ಮೆ ಕಿವಿಯನ್ನೂ ಕೆರೆದುಕೊಂಡಿದ್ದ. ಅಯ್ಯೋ ದೇವರೇ!

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಹಿಲ್ಡಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಪಕ್ಕದಲ್ಲೇ ನೆರೆಮನೆಯ ಮಿಸೆಸ್ ಕ್ರೂಕ್ಸ್, ಎದೆಯ ಮೇಲೆ ಕೈಯಿಟ್ಟುಕೊಂಡು.

"ಅಲ್ಲೇ ನಿಲ್ಲು! ಹೋದ ಭಾನುವಾರ ನನ್ನ ಪೈಗೆ ಸೇಬು ಹೆಚ್ಚಿಕೊಟ್ಟೆಯಲ್ಲ, ಯಾವ ಚಾಕುವಲ್ಲಿ?"

ಸಿರಿಲ್ ಅಜ್ಜನ ಚಾಕುವನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಅಯ್ಯಯ್ಯೋ ಹಿಲ್ಡಾ," ಎಂದಳು ಮಿಸೆಸ್ ಕ್ರೂಕ್ಸ್, "ಪಾದ್ರಿಗಳೂ ಅದೇ ಪೈ ತಿಂದ್ರಲ್ಲೇ! ಎರಡು ಸಲ ಹಾಕಿಸ್ಕೊಂಡ್ರು!"

ಹಿಲ್ಡಾ ತೀರ್ಪು ಕೊಟ್ಟಳು. "ಮನುಷ್ಯಂದಲ್ಲ ಅಂತ ತಿಳಿದವರ ಬಾಯಲ್ಲಿ ಹೇಳಿಸ್ಕೊಂಡು ಬಾ. ಅಲ್ಲೀವರೆಗೆ ಈ ಮನೇಲಿ ನಿನಗೆ ಊಟವೂ ಇಲ್ಲ, ಹಾಸಿಗೆಯೂ ಇಲ್ಲ."

ಸಿರಿಲ್ ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ ಹತ್ತಿದ. ಬಸ್ ಕುಲುಕಿದಾಗಲೆಲ್ಲ ಗಂಟಿನತ್ತ ಬಗ್ಗಿ "ಕ್ಷಮಿಸಿ ಸಾರ್" ಎನ್ನುತ್ತಿದ್ದ. ಪಕ್ಕದಲ್ಲಿ ಕೂತ ಹೆಂಗಸು, "ಒಳಗೇನಪ್ಪ, ಗಿಳಿಮರಿಯಾ?" ಎಂದು ಕೇಳಿದಳು.

"ಅಲ್ಲಮ್ಮ, ಯಾರೋ ನಾವಿಕರು. ಹೆಸರು ಗೊತ್ತಿಲ್ಲ."

ಆಕೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಳು.

ಹಳೆಯ ಚಾಕುಗಳ ಸಂಗ್ರಹಾಲಯದಲ್ಲಿದ್ದ ಮಿಸ್ ಹ್ಯಾಲಮ್ ಮಾತ್ರ ಬೆದರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಳು. "ಮೂಳೆಯಾಗಿದ್ರೆ ಸೂಕ್ಷ್ಮವಾದ ರಂಧ್ರಗಳು ಕಾಣಬೇಕಿತ್ತು. ಇದರಲ್ಲಿ ಒಂದೂ ಇಲ್ಲ." ಆಮೇಲೆ ಒಂದು ಸೂಜಿಯನ್ನು ಕೆಂಪಗೆ ಕಾಯಿಸಿ, ಹಿಡಿಯ ಒಳಮೂಲೆಗೆ ಚುರ್ ಎಂದು ತಾಗಿಸಿದಳು. ಸಿರಿಲ್ ನಾವಿಕನ ಪರವಾಗಿ ತಾನೇ "ಹಾ!" ಎಂದು ಚೀರಿದ.

"ಮೂಸಿ ನೋಡಿ."

ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ!

"ಹಾಲಿಂದ ಮಾಡಿದ ಹಿಡಿ ಇದು. ಒಡೆದ ಹಾಲಿನ ಗಟ್ಟಿ ತೆಗೆದು, ಒತ್ತಿ, ರಾಸಾಯನಿಕದಲ್ಲಿ ನೆನೆಸಿ ಕಲ್ಲಿನ ಹಾಗೆ ಮಾಡ್ತಿದ್ರು. ದಂತ, ಕೊಂಬು ಕೊಳ್ಳೋಕೆ ಆಗದವರಿಗೆ."

"ಅಂದ್ರೆ... ಯಾರೂ ಸತ್ತಿಲ್ವಾ?"

"ಹಸು ಕೂಡ ಸತ್ತಿಲ್ಲ."

ಸಿರಿಲ್‌ಗೆ ಕಣ್ಣು ತುಂಬಿಬಂತು. ಚಾಕುವಿಗೆ ಮುತ್ತಿಟ್ಟು, ಊಟದ ಆಸೆಯಲ್ಲಿ ಮನೆಯತ್ತ ಓಡಿದ.

ಮನೆಯ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು! ರಸ್ತೆಯಲ್ಲೇ ಕುರ್ಚಿ ಹಾಕಿದ್ದರು. ಹಿಲ್ಡಾ ಚರ್ಚಿನ ಟೋಪಿ ಇಟ್ಟುಕೊಂಡು, ಯಾರಿಗೂ ತೆಗೆಯದ ಪಿಂಗಾಣಿ ಕಪ್ಪುಗಳಲ್ಲಿ ಚಹಾ ಹಂಚುತ್ತಿದ್ದಳು. ಹೊರೇಸನ ಬಾಯಲ್ಲಿ ನಾವಿಕನಿಗೆ ಅಷ್ಟು ಹೊತ್ತಿಗೆ ಕ್ಯಾಪ್ಟನ್ ಎಬೆನೆಜರ್ ಎಂಬ ಹೆಸರೂ ಬಂದಿತ್ತು, ಹಡಗೂ ಮುಳುಗಿತ್ತು. ಪಾದ್ರಿಗಳು ತಿಂದ ಪೈ ನೆನೆದು ಹುಳ್ಳಗಾದ ಮುಖದಲ್ಲಿ, ಮೃತನ ಆತ್ಮಶಾಂತಿಗೆ ಪ್ರಾರ್ಥನೆ ಪುಸ್ತಕ ತೆರೆದು ಕಾಯುತ್ತಿದ್ದರು.

"ಇಪ್ಪತ್ತು ವರ್ಷ ನಮ್ಮನೇಲೇ ಇದ್ದ, ಪುಣ್ಯಾತ್ಮ," ಎಂದು ಹಿಲ್ಡಾ ಕಣ್ಣೊರೆಸಿಕೊಂಡಳು. "ಒಂದು ದಿನ ಒಂದು ತೊಂದರೆ ಕೊಟ್ಟವನಲ್ಲ. ಈ ಬೀದೀಲಿ ಇನ್ಯಾರ ಮನೇಲಿ ಇದ್ದ ಹೇಳಿ, ಕ್ಯಾಪ್ಟನ್?" ಮಿಸೆಸ್ ಕ್ರೂಕ್ಸ್ ಬಿಕ್ಕಿ ಬಿಕ್ಕಿ ಅತ್ತಳು.

ಸಿರಿಲ್ ಬೀದಿಯ ತುದಿಯಿಂದಲೇ ಚಾಕು ಎತ್ತಿ ಹಿಡಿದು ಕೂಗಿದ. "ಹಿಲ್ಡಾ! ಮನುಷ್ಯಂದಲ್ಲ ಕಣೇ! ಹಾಲು! ಬರೀ ಒಡೆದ ಹಾಲು!"

ಪಾದ್ರಿಗಳು ಪುಸ್ತಕ ಮುಚ್ಚಿದರು. ಹೊರೇಸ್ ಪಬ್ಬಿನ ದಾರಿ ಹಿಡಿದ.

"ಒಡೆದ ಹಾಲಿಗಾ ನಾನು ಇಷ್ಟು ಹೊತ್ತು ಅತ್ತಿದ್ದು?" ಎಂದು ಮಿಸೆಸ್ ಕ್ರೂಕ್ಸ್ ಕಪ್ಪು ಕುಕ್ಕಿ ಎದ್ದಳು. ನೋಡನೋಡುತ್ತಿದ್ದಂತೆ ಕುರ್ಚಿಗಳೂ ಖಾಲಿ, ಬೀದಿಯೂ ಖಾಲಿ. ಹಿಲ್ಡಾ ಕಪ್ಪುಗಳನ್ನೆಲ್ಲ ಬಾಚಿಕೊಂಡು ಒಳಗೆ ಹೋಗಿ ದಡಾರನೆ ಚಿಲಕ ಹಾಕಿದಳು.

ಸಿರಿಲ್ ಕಂಗಾಲಾಗಿ ಬಾಗಿಲು ಬಡಿದ. "ಹಿಲ್ಡಾ! ಮನುಷ್ಯಂದಲ್ಲ ಅಂತ ಹೇಳಿಸ್ಕೊಂಡು ಬಾ ಅಂದಿದ್ದು ನೀನೇ ಅಲ್ವೇನೇ?"

"ಅಂದಿದ್ದೆ," ಎಂದಳು ಹಿಲ್ಡಾ ಒಳಗಿನಿಂದ. "ಈಗ ಹೋಗಿ ಮನುಷ್ಯಂದೇ ಅಂತ ಹೇಳಿಸ್ಕೊಂಡು ಬಾ. ಅಲ್ಲೀವರೆಗೆ ಊಟ ಇಲ್ಲ!"