ಎಡ ಹೆಗಲಿನ ಅರ್ಧ ಇಂಚು

ದರ್ಜಿ: ಈ ಅಂಗಿಯ ಎಡಭುಜ ಜೋತು ಬಿದ್ದಿದೆ ಅತ್ತಿಗೆ! ಔಷಧಿ ಅಂಗಡಿಯವರು ಕನ್ನಡಿ ಮುಂದೆ ನಿಂತು, "ನಾನೇ ಸೊಟ್ಟ ಇದ್ದೀನೇನ್ರಿ?" ಅಂತ ಕೇಳಿದ್ರು.

ಅತ್ತಿಗೆ: ಇದ್ದಾರಾ?

ದರ್ಜಿ: ಕಂಬದ ಹಾಗಿದ್ದಾರೆ! ಸೊಟ್ಟ ಇರೋದು ನಿಮ್ಮ ಮೆಷಿನ್ನು.

ಅಂಗಡಿಯ ಒಂದು ಗೋಡೆಗೆ ಹೊಲಿಗೆಯಂತ್ರ, ಎದುರು ಗೋಡೆಗೆ ಅಳತೆ ತುಂಬಿದರೆ ಅಂಗಿಯ ನಕ್ಷೆ ಬಿಡಿಸುವ ಕಂಪ್ಯೂಟರು, ಬಟ್ಟೆಯ ಮೇಲೆ ಚಿತ್ತಾರ ಮೂಡಿಸುವ ಪ್ರಿಂಟರು. ಇವೆರಡನ್ನೂ ತಂದವನು ದರ್ಜಿಯ ಪಾಲುದಾರ, ಮೂವತ್ತು ವರ್ಷದ ಗೆಳೆಯ. ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಈಗ ಅವನ ಕುರ್ಚಿಯಲ್ಲಿ ಅವನ ಹೆಂಡತಿ ಕೂರುತ್ತಾಳೆ. ದರ್ಜಿ ಅವಳನ್ನು ಮೊದಲಿನಿಂದಲೂ ಅತ್ತಿಗೆ ಎನ್ನುತ್ತಾನೆ. ಜಗಳಕ್ಕೆ ಅದು ಅನುಕೂಲ.

ಅತ್ತಿಗೆ: ಮೆಷಿನ್ ಮೇಲೆ ಗೂಬೆ ಕೂರಿಸಬೇಡಿ. ಆರ್ಡರ್ ಬಂದ್ಮೇಲೆ ಅದೊಂದೇ ಅಂಗಿ ಮಾಡತ್ತೆ. ತೋಳು, ಕಾಲರು ಎಲ್ಲದರ ನಕ್ಷೆ ಒತ್ತೊತ್ತಾಗಿ ಜೋಡಿಸಿ, ಬೇಕಾದಷ್ಟು ಬಟ್ಟೆಗೆ ಮಾತ್ರ ಬಣ್ಣ. ಮೊದ್ಲು ವಾರಕ್ಕೊಂದು ಮೂಟೆ ಚಿಂದಿ ಎಸೀತಿದ್ರಿ. ಈಗ?

ದರ್ಜಿ: ಈಗ ಚಿಂದಿ ಇಲ್ಲ. ಇಡೀ ಅಂಗೀನೇ ಎಸೀಬೇಕು.

ಅತ್ತಿಗೆ: ಅಳತೆ ಯಾರು ತುಂಬಿದ್ದು?

ದರ್ಜಿ: ಆವತ್ತು ನೀವಿರಲಿಲ್ಲ, ನಾನೇ ತುಂಬಿದೆ. ಎದೆ, ಸೊಂಟ, ತೋಳು.

ಅತ್ತಿಗೆ: ಭುಜ?

ದರ್ಜಿ: ಭುಜಕ್ಕೆ ಟೇಪ್ ಯಾಕೆ? ನೋಡಿದ್ರೇ ಗೊತ್ತಾಗತ್ತೆ.

ಅತ್ತಿಗೆ: ನಿಮಗೆ ಗೊತ್ತಾಯ್ತು, ಇದಕ್ಕೆ ಯಾರು ಹೇಳಿದ್ರು? ಖಾನೆ ಖಾಲಿ ಬಿಟ್ರೆ ಇದು ಒಳಗಿರೋ ಮಾದರಿ ಮೈಯಿಂದ ತುಂಬ್ಕೊಳ್ಳತ್ತೆ.

ದರ್ಜಿ: ಯಾವನದು ಆ ದರಿದ್ರ ಮೈ?

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಮುಖವಿಲ್ಲದ ಬೂದು ಬಣ್ಣದ ಗೊಂಬೆ. ಪುಟ್ಟ ಹೊಟ್ಟೆ, ಹೊರಕ್ಕೆ ತಿರುಗಿದ ಪಾದ, ಅರ್ಧ ಇಂಚು ಇಳಿದ ಎಡ ಹೆಗಲು. ದರ್ಜಿ ಪರದೆಯತ್ತ ಬಗ್ಗಿದ.

ದರ್ಜಿ: ಇವನು...

ಅತ್ತಿಗೆ: ಅವರೇ. ಮೆಷಿನ್ ಬಂದ ದಿನ ಮಾದರಿಗೆ ನಿಲ್ಲೋ ಅಂತ ಅವರು ಕರೆದ್ರೆ ನೀವು ಓಡಿಹೋದ್ರಿ. ಕೊನೆಗೆ ಅವರೇ ನಿಂತ್ರು. ಅಳಿಸಿ, ನೆಟ್ಟಗಿರೋ ಮೈ ಹಾಕೋಣ್ವಾ? ಒಂದು ಕ್ಲಿಕ್ ಸಾಕು.

ಅವಳ ಬೆರಳು ಮೌಸಿನ ಮೇಲಿತ್ತು.

ದರ್ಜಿ: ಕೈ ತೆಗೀರಿ!

ಅತ್ತಿಗೆ: ಮತ್ತೆ ಊರೆಲ್ಲ ಸೊಟ್ಟ ಅಂಗಿ ಹಾಕ್ಕೊಂಡು ಓಡಾಡ್ಲಾ?

ದರ್ಜಿ: ಇನ್ಮೇಲೆ ಒಂದು ಖಾನೆಯನ್ನೂ ಬಿಡಲ್ಲ.

ಅತ್ತಿಗೆ: ಹದಿನೇಳು ಇವೆ.

ದರ್ಜಿ: ಎಪ್ಪತ್ತಿರ್ಲಿ!

ಅವಳು ಕೈ ಎಳೆದು ಮಡಿಲಲ್ಲಿಟ್ಟುಕೊಂಡಳು. ಅವಳೂ ಒತ್ತುವವಳಲ್ಲ ಎಂಬುದು ದರ್ಜಿಗೆ ಆಗ ಹೊಳೆಯಿತು.

ಅತ್ತಿಗೆ: ಔಷಧಿ ಅಂಗಡಿಯವರಿಗೆ ಬೇರೆ ಅಂಗಿ ಮಾಡಿಕೊಡೋಣ. ಇದನ್ನೇನ್ಮಾಡ್ತೀರಿ? ನನ್ನ ಕಣ್ಣೆದುರು ಮಾತ್ರ ಎಸೀಬೇಡಿ.

ದರ್ಜಿ: ಎಸಿಯೋದ್ಯಾಕೆ? ನಾನೇ ಹಾಕ್ಕೋತೀನಿ.

ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತ. ಎಡಭುಜ ಒಂದು ನೆರಿಗೆಯೂ ಇಲ್ಲದೆ ಕೂತಿತ್ತು. ಮೂವತ್ತು ವರ್ಷ ಬಟ್ಟೆಯ ಸುರುಳಿಗಳನ್ನು ಮೆಟ್ಟಿಲು ಹತ್ತಿಸಿದ್ದು ಇಬ್ಬರೇ. ಮುಂದೆ ಗೆಳೆಯ, ಹಿಂದೆ ಇವನು, ಹೊತ್ತದ್ದು ಇಬ್ಬರೂ ಎಡ ಹೆಗಲಲ್ಲೇ.

ಅತ್ತಿಗೆ: ಅಯ್ಯೋ, ನಿಮಗೇ ಅಳತೆ ತೆಗೆದು ಹೊಲಿದ ಹಾಗಿದೆ!

ದರ್ಜಿ: ನೋಡಿದ್ರಾ ನನ್ನ ಕಣ್ಣಂದಾಜು?

ಅತ್ತಿಗೆ: ಗುಂಡಿ ಹಾಕಿ, ನೋಡೋಣ.

ದರ್ಜಿ ಉಸಿರು ಬಿಗಿಹಿಡಿದ. ಮೂರನೆಯ ಗುಂಡಿ ತನ್ನ ಕಾಜಾದ ಹತ್ತಿರದವರೆಗೂ ಹೋಗಿ, ಮುಖ ನೋಡಿಕೊಂಡು ವಾಪಸು ಬಂತು.

ಅತ್ತಿಗೆ: ಹೊಟ್ಟೆಗೂ ಒಂದು ಖಾನೆ ಇದೆ ಮೈದುನರೇ. ಟೇಪ್ ಕೊಡಿ ಇಲ್ಲಿ. ಆವತ್ತು ತಪ್ಪಿಸ್ಕೊಂಡ್ರಿ, ಇವತ್ತು ನಿಲ್ಲಿ, ಪರದೆ ಮೇಲೆ ಅವರ ಪಕ್ಕ.