ತಲೆ ಅಂಟಿಸುವವರ ಬೇಜಾರು

ಮಧುಗಿರಿ ಬಸ್‌ಸ್ಟ್ಯಾಂಡ್ ಹಿಂದಿನ ಫ್ಲೆಕ್ಸ್ ಅಂಗಡಿಯಲ್ಲಿ ನಾನೂ ಶಿರಾದ ಇನ್ನೊಬ್ಬನೂ ಡಿಸೈನರ್‌ಗಳು. ಡಿಸೈನರ್ ಅಂದರೆ ಏನೋ ದೊಡ್ಡ ಕಲಾವಿದರು ಅಂದ್ಕೋಬೇಡಿ. ಮೇಲೆ ಲೀಡರ್ ತಲೆ, ಕೆಳಗೆ ಸಾಲಾಗಿ ಶುಭ ಕೋರುವವರ ತಲೆ, ಬೆಳಗ್ಗೆಯಿಂದ ಸಂಜೆತನಕ ಇದೇ ಅಂಟಿಸೋದು. ಬೇಜಾರು ಹತ್ತದೆ ಇನ್ನೇನು? ನಮ್ಮ ಶಿರಾದವನಿಗೆ ಬೇಜಾರು ಹತ್ತಿತು ಅಂದರೆ ಒಂದಲ್ಲ ಒಂದು ಎಡವಟ್ಟು ಆಗೇ ಆಗುತ್ತೆ.

ಕೂದಲು

ಕೊರಟಗೆರೆ ಕಡೆಯ ಲೀಡರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್. ಅವರದು ಲಕಲಕ ಹೊಳೆಯುವ ಬೋಳುತಲೆ. ನಮ್ಮವನು ಬೇಜಾರಿಗೆ ಅದರ ಮೇಲೊಂದು ದಟ್ಟ ಕ್ರಾಪು ಬೆಳೆಸಿ, ತೆಗೆಯೋದು ಮರೆತು ಅವರಿಗೇ ವಾಟ್ಸಾಪ್ ಮಾಡಿಬಿಟ್ಟ. ಸ್ವಲ್ಪ ಹೊತ್ತಿಗೆ ಅವರೇ ಕಾರಲ್ಲಿ ಬಂದಿಳಿದರು. ಕಂಪ್ಯೂಟರ್ ಮುಂದೆ ನಿಂತು ಸುಮಾರು ಹೊತ್ತು ನೋಡಿ, ತಲೆ ಸವರಿಕೊಂಡು ಮೆಲ್ಲಗೆ ಅಂದರು: "ಕೂದ್ಲು ಇರ್ಲಿ ಬುಡು. ಹೆಸ್ರು ಮಾತ್ರ ವಸಿ ದಪ್ಪಕ್ಕಾಕು, ಯಾರು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ."

ಹೊಸ ಮುಖ

ಆಮೇಲೆ ಶುಭ ಕೋರುವವರ ಸಾಲಲ್ಲಿ ತನ್ನ ಮುಖವನ್ನೇ ತುರುಕೋಕೆ ಶುರುಮಾಡಿದ. ಹಾವು ಮುಂಗುಸಿಯಂತಿದ್ದ ಎರಡು ಗುಂಪಿನ ಫ್ಲೆಕ್ಸಲ್ಲೂ ಇವನೇ. ಯಾರೂ ಕೇಳಲಿಲ್ಲ, ಇವನು ಇನ್ಯಾರೋ ಕರ್ಕೊಂಡು ಬಂದವನು ಅಂತ ಎಲ್ಲರೂ ಅಂದ್ಕೊಂಡಿದ್ದರು. ಒಂದು ಗುಂಪಂತೂ ಬಾಡೂಟಕ್ಕೆ ಕರೆದು, ಪಾರ್ಟಿಗೋಸ್ಕರ ದುಡಿದೂ ದುಡಿದೂ ಎಷ್ಟು ಸೊರಗಿದ್ದೀಯ ಅಂತ ಎಲೆಗೆ ಇನ್ನೆರಡು ತುಂಡು ಹಾಕಿಸಿತು.

ಶ್ರದ್ಧಾಂಜಲಿ

ಇಷ್ಟರಲ್ಲಿ ಪಾವಗಡ ಕಡೆಯಿಂದ ಅವನಿಗೊಂದು ಸಂಬಂಧ ಬಂತು. ಹೋದ ಕಡೆಯೆಲ್ಲ ಬೇಡ ಅನ್ನಿಸಿಕೊಂಡಿದ್ದವನು ಪಾಪ. ಈ ಹುಡುಗಿ ತನ್ನ ನೋಡಿ ನಕ್ಕಳು ಅಂತ ಅವನ ಕಾಲು ನೆಲದ ಮೇಲಿರಲಿಲ್ಲ. ಹುಡುಗಿಯ ಅಪ್ಪ ಮಾತ್ರ, ಹುಡುಗ ಕೆಲಸ ಮಾಡೋ ಜಾಗ ನೋಡಿಯೇ ಮಾತು ಕೊಡ್ತೀನಿ ಅಂದಿದ್ದರು.

ಅವರು ಬರೋ ದಿನವೇ ನಮ್ಮ ಯಜಮಾನರು ಶ್ರದ್ಧಾಂಜಲಿ ಫ್ಲೆಕ್ಸಿನ ಹೊಸ ಸ್ಯಾಂಪಲ್ ಬಾಗಿಲಿಗೆ ಕಟ್ಟಿಸಿದ್ದರು. ಅದು ನಮ್ಮವನು ಬೇಜಾರಿಗೆ ತನ್ನದೇ ಫೋಟೋ ಇಟ್ಟು, ಹಾರ ಹಾಕಿ, ದೀಪ ಹಚ್ಚಿ ಮಾಡಿಟ್ಟಿದ್ದ ಡಿಸೈನು. ಪ್ರಿಂಟ್ ಹಾಕಿದವನೂ ನೋಡಲಿಲ್ಲ, ಕಟ್ಟಿದವನೂ ನೋಡಲಿಲ್ಲ, ಅದರ ಕೆಳಗೇ ನಿಂತು ನಾನು ಟೀ ಕುಡಿದಿದ್ದೆ. ದಿನವಿಡೀ ತಲೆ ಅಂಟಿಸೋರಿಗೆ ಮುಖ ಎಲ್ಲಿ ಕಾಣುತ್ತೆ, ಬಾರ್ಡರ್ ನೆಟ್ಟಗಿದ್ಯಾ ಅಂತ ನೋಡ್ತೀವಿ ಅಷ್ಟೇ.

ಹುಡುಗಿಯ ಅಪ್ಪ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, ಫ್ಲೆಕ್ಸಿಗೆ ಕೈಮುಗಿದರು. ಒಳಗೆ ಬಂದರೆ ಸತ್ತವನೇ ಎದ್ದು ನಮಸ್ಕಾರ ಅಂದ. ಅವರು ಗೋಡೆ ಹಿಡ್ಕೊಂಡು ಕೂತುಬಿಟ್ಟರು. ನೀರು ಕುಡಿಸಿ ವಿಚಾರ ಹೇಳಿದೆವು. ಇದನ್ನ ಮಾಡಿದ್ದು ಯಾರು ಅಂತ ಕೇಳಿದರು. ನಾನೇ, ಬೇಜಾರಾಗಿತ್ತು ಅಂದ ಇವನು, ಅಳೋ ದನಿಯಲ್ಲಿ. ಹೋಯ್ತಲ್ಲಪ್ಪ ಸಂಬಂಧ ಅಂತ ನಾನೂ ಅಂದ್ಕೊಂಡೆ.

ಅವರು ಹೊರಗೆ ಹೋಗಿ, ಫ್ಲೆಕ್ಸನ್ನ ಇನ್ನೊಮ್ಮೆ ನೋಡಿ, ಹೆಂಡತಿಗೆ ಫೋನ್ ಮಾಡಿದರು.

"ಹುಡ್ಗ ಮಂಚಿವಾಡೇ, ಒಳ್ಳೇವ್ನೇ ಕಣಮ್ಮ. ಬೇಜಾರಾದ್ರೆ ಕುಡ್ಯಲ್ಲ, ಇಸ್ಪೀಟಾಡಲ್ಲ. ಸುಮ್ಕೆ ಕುಂತಲ್ಲೇ ಸಾಯ್ತಾನಂತೆ, ಅಷ್ಟೇ."