ಎಳ್ಳಿನಲ್ಲಿ ಹಾರ್ಮೋನು ಸಿಗಲಿಲ್ಲ

ಮೀನು ತಿನ್ನದೆ ಮೀನಿನಂಗಡಿಗೆ ಖಾಯಂ ಗಿರಾಕಿಯಾಗಿದ್ದ ಮನುಷ್ಯ ಇಡೀ ಮೈಸೂರು ಜಿಲ್ಲೆಯಲ್ಲಿ ನಮ್ಮ ಭಾವ ಒಬ್ಬರೇ ಇರಬೇಕು. ತಿನ್ನುವುದು ಹೋಗಲಿ, ಅವರು ಮೀನು ಕೊಳ್ಳುತ್ತಲೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮೀನಿನ ತಲೆಯೊಳಗಿನ ಸರಕು ಮಾತ್ರ.

ಭಾವ ಎಂದರೆ ನಮ್ಮ ಅಕ್ಕನ ಗಂಡ, ಹುಣಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ನಮ್ಮದೋ ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸಿ ಬಾ ಎನ್ನುವ ಮನೆತನ. ಅಂಥ ಮನೆಯ ಅಳಿಯ ಭಾನುವಾರ ಬೆಳಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಚೀಲದಲ್ಲಿ ಚಿಮಟ ಕತ್ತರಿ ಇಟ್ಟುಕೊಂಡು ಹೆಗ್ಗಡದೇವನಕೋಟೆಯ ಬಸ್ಸು ಹತ್ತುತ್ತಿದ್ದರು. ಕಬಿನಿ ಹಿನ್ನೀರಿನ ಮೀನು ಅಲ್ಲಿಗೆ ಬರುತ್ತಿತ್ತು. ಮೀನು ಮಾರುವಾಕೆಯ ಎದುರು ಕುಕ್ಕರುಗಾಲಿನಲ್ಲಿ ಕೂತು ಕಾಟ್ಲಾ ಮೀನಿನ ತಲೆ ಬಿಡಿಸಿ, ಮಿದುಳಿನ ಚೂರನ್ನೂ ಅದರ ಅಡಿಯಲ್ಲಿರುವ ರಾಗಿಕಾಳಿನಷ್ಟು ದಪ್ಪದ ಗ್ರಂಥಿಯನ್ನೂ ಕಿತ್ತು ಸೀಸೆಗೆ ಹಾಕಿಕೊಂಡು, ತಲೆಯನ್ನು ಮರ್ಯಾದೆಯಿಂದ ಹಿಂದಿರುಗಿಸುತ್ತಿದ್ದರು.

"ಎಣ್ಣು ನೋಡಕ್ಕೆ ಬಂದಂಗೆ ವಾರವಾರ ಬತ್ತೀರಿ ಸಾಮಿ, ಒಪ್ಗೆ ಮಾತ್ರ ಯೋಳಕ್ಕಿಲ್ಲ" ಎಂದು ಆಕೆ ರೇಗಿಸುತ್ತಿದ್ದಳಂತೆ. ಆದರೆ ಭಾವ ಎದ್ದು ಹೋದ ಮೇಲೆ ಬಂದ ಗಿರಾಕಿಗಳಿಗೆ, "ಕಾಲೇಜ್ ಮೇಷ್ಟ್ರು ತಲೆ ಪರೀಕ್ಸೆ ಮಾಡಿರೋ ಮೀನು, ಕಣ್ಮುಚ್ಕಂಡ್ ತಗಳಿ" ಎನ್ನುತ್ತಿದ್ದಳು. ಭಾವನ ಸಂಶೋಧನೆಯಿಂದ ಲೋಕಕ್ಕೆ ನೇರವಾಗಿ ಆದ ಉಪಯೋಗ ಇದೊಂದೇ.

ಇತ್ತ ಮನೆಯಲ್ಲಿ ಅಕ್ಕ ಹಿತ್ತಲ ಬಾಗಿಲಲ್ಲಿ ಬಿಸಿನೀರಿನ ಹಂಡೆಯೊಂದಿಗೆ ಕಾಯುತ್ತಿದ್ದಳು. ಸ್ನಾನವಾಗದೆ ಒಳಗೆ ಪ್ರವೇಶವಿಲ್ಲ. ಸೀಸೆಗಳಿಗಂತೂ ಸ್ನಾನವಾದರೂ ಪ್ರವೇಶವಿಲ್ಲ. ಅವಕ್ಕೆ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದ ಗೂಡೇ ಗತಿ. ಜಗತ್ತಿನಲ್ಲಿ ಎಷ್ಟು ಪ್ರಯೋಗಶಾಲೆಗಳಲ್ಲಿ ಹಸು ಕಟ್ಟಿದ್ದಾರು ಹೇಳಿ?

ಭಾವನ ಪ್ರಶ್ನೆ ಕೇಳಲು ಸುಲಭವಾಗಿತ್ತು. ಈ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮುಂಗಾರಿನ ಹೊಸ ನೀರು ಬರಬೇಕು. ಹೊಸ ನೀರು ಬಂತೆಂಬ ಸುದ್ದಿಯನ್ನು ಮಿದುಳು ಮೈಗೆ ಮುಟ್ಟಿಸುವುದು ಹೇಗೆ?

"ಮಿದುಳು ಒಂದು ಹಾರ್ಮೋನಿನ ಕೈಲಿ ಕಾಗದ ಕೊಟ್ಟು ಗ್ರಂಥಿಗೆ ಕಳಿಸ್ತದೆ ಕಣಯ್ಯ" ಎಂದು ನನಗೆ ವಿವರಿಸುತ್ತಿದ್ದರು. "ಅದು ಎಷ್ಟು ನಿಯತ್ತಿನದು ಅಂತೀಯ? ಕೊಟ್ಟ ಕಾಗದ ಕೊಟ್ಟಂಗೇ ತಲುಪಿಸ್ತದೆ."

ಆ ಹಾರ್ಮೋನನ್ನು ಅಳೆಯುವ ಯಂತ್ರ ಭಾವನ ಕೊಟ್ಟಿಗೆಯಲ್ಲಿ ಇರಲಿಲ್ಲ. ಮೈಸೂರಿನ ಗ್ರಂಥಾಲಯವೊಂದರಲ್ಲಿ ಹಂಗೇರಿ ದೇಶದ ಮಹಿಳಾ ವಿಜ್ಞಾನಿಯೊಬ್ಬರ ಬರಹ ಓದಿ, ಧೈರ್ಯ ಮಾಡಿ ಒಂದು ಪತ್ರ ಹಾಕಿದರು. ಆಕೆಗೂ ಮೀನಿನ ಮಿದುಳಿನದೇ ಹುಚ್ಚು. ಉತ್ತರ ಬಂತು. ಭಾವ ತಿಂಗಳು ತಿಂಗಳೂ ಮಾದರಿಗಳನ್ನು ಒಣಗಿಸಿ ಕಳಿಸುವುದು, ಆಕೆ ಅಳೆದು ಅಂಕಿಗಳನ್ನು ಕಳಿಸುವುದು, ಕೊನೆಗೆ ಇಬ್ಬರ ಹೆಸರಿನಲ್ಲೂ ಒಂದು ಪ್ರಬಂಧ ಬರೆಯುವುದು ಎಂದು ಮಾತಾಯಿತು. ತೊಂಬತ್ತರ ದಶಕದ ಆರಂಭ. ಇಬ್ಬರ ನಡುವೆ ಇದ್ದದ್ದು ಅಂಚೆ ಒಂದೇ.

ಅಂಚೆಯ ಜೊತೆಗೆ ನಾನೂ ಇದ್ದೆನಲ್ಲ, ಅದೇ ಈ ಕಥೆಯ ದುರದೃಷ್ಟ. ನಾನು ಕೆ.ಆರ್. ನಗರದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ನನ್ನಲ್ಲಿ ಒಂದು ಹಳೆಯ ಟೈಪ್‌ರೈಟರ್ ಇತ್ತು. ಭಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ. ಮೀನಿನ ಅಂಗಾಂಗಗಳಿಗೆ ಸಾಕಾಗುವಷ್ಟು ಬರುತ್ತಿತ್ತು, ಮನುಷ್ಯರ ಕಷ್ಟಸುಖ ವಿಚಾರಿಸುವುದಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆದು ನನಗೆ ಕೊಡುತ್ತಿದ್ದರು. ನಾನು ಇಂಗ್ಲಿಷಿಗೆ ತಿರುಗಿಸಿ, ಟೈಪು ಮಾಡಿ, ಅಲ್ಲಿಂದಲೇ ಅಂಚೆಗೆ ಹಾಕುತ್ತಿದ್ದೆ. ಟೈಪಾದ ಪ್ರತಿಯನ್ನು ತೋರಿಸು ಎಂದು ಅವರು ಒಂದು ದಿನವೂ ಕೇಳಿದವರಲ್ಲ.

ಅವರ ಪತ್ರಗಳೋ, ನಂಟರ ಮನೆಗೆ ಬರೆದಂತೆ ಇರುತ್ತಿದ್ದವು. "ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು. ನಮ್ಮ ಹಸು ಹೆಣ್ಣು ಕರು ಹಾಕಿದೆ. ನನ್ನ ಹೆಂಡತಿಗೆ ಎಡಗಾಲಿನ ಮಂಡಿ ನೋವು. ಹದಿನಾರು ಸೀಸೆ ಕಳಿಸಿದ್ದೇನೆ." ಹಾರ್ಮೋನು ಬರುವಷ್ಟರಲ್ಲಿ ಒಂದು ಪುಟ ಮುಗಿದಿರುತ್ತಿತ್ತು. ಮೊದಮೊದಲು ಎಲ್ಲವನ್ನೂ ಹಾಗೆಯೇ ಬರೆದೆ. ಆಕೆ ಅಂಕಿಗಳ ಕೆಳಗೆ ಕೈಬರಹದಲ್ಲಿ ಕರುವಿನ ಯೋಗಕ್ಷೇಮ ವಿಚಾರಿಸತೊಡಗಿದರು.

ಒಂದು ಸಂಕ್ರಾಂತಿಗೆ ಅಕ್ಕ ಒಂದು ಕೆಲಸ ಮಾಡಿದಳು. ಊರಿಗೆಲ್ಲ ಎಳ್ಳು ಬೀರಿ ಬಂದವಳಿಗೆ ಅಷ್ಟು ದೂರದ ಆ ಹೆಂಗಸೊಬ್ಬಳಿಗೆ ಬೀರದೆ ಹೇಗಿರುವುದು ಅನ್ನಿಸಿತು. ಸೀಸೆಗಳನ್ನು ಕಳಿಸುವ ಡಬ್ಬಿಯಲ್ಲಿ ಬೇರೆ ಪೊಟ್ಟಣಕ್ಕೆ ಜಾಗವಿರಲಿಲ್ಲ. ಭಾವ ಮಾದರಿ ತುಂಬಲು ತಂದಿಟ್ಟಿದ್ದ ಹೋಮಿಯೋಪತಿ ಔಷಧಿಯ ಖಾಲಿ ಸೀಸೆಯೊಂದಕ್ಕೆ ಎಳ್ಳು ತುಂಬಿ, ಉಳಿದ ಸೀಸೆಗಳ ನಡುವೆ ಸೇರಿಸಿ, ಯಾರಿಗೂ ಹೇಳದೆ ಸುಮ್ಮನಾದಳು. ಎರಡು ತಿಂಗಳಿಗೆ ಉತ್ತರ ಬಂತು: ಸಂಖ್ಯೆಯಿಲ್ಲದ ಸೀಸೆಯ ಮಾದರಿಯನ್ನು ಮೂರು ಸಲ ಅರೆದು ಪರೀಕ್ಷಿಸಿದೆವು, ಹಾರ್ಮೋನು ಸ್ವಲ್ಪವೂ ಇಲ್ಲ, ಎಣ್ಣೆ ಮಾತ್ರ ವಿಪರೀತ, ಇದು ಯಾವ ಜಾತಿಯ ಮೀನು?

"ಮೂರ್ಸಲ ಅರೆದವ್ರಾ?" ಎಂದು ಅಕ್ಕ ನಿಟ್ಟುಸಿರಿಟ್ಟಳು. "ಬಾಯಿಗಾಕ್ಕೊಂಡಿದ್ರೆ ಒಂದೇ ಸಲಕ್ಕೆ ಗೊತ್ತಾಗ್ತಿತ್ತಪ್ಪ."

ಹೀಗೆ ನಾಲ್ಕೈದು ವರ್ಷ ನಡೆಯಿತು. ಆಮೇಲೆ ನನ್ನನ್ನು ಇಂಗ್ಲಿಷ್ ಮೇಷ್ಟ್ರುಗಳ ತರಬೇತಿಗೆ ಕಳಿಸಿದರು. ಅಲ್ಲಿ ಒಂದು ಇಡೀ ದಿನ ಪತ್ರ ಬರೆಯುವ ಕ್ರಮದ ಬಗ್ಗೆ ಪಾಠ. ವ್ಯವಹಾರದ ಪತ್ರದಲ್ಲಿ ಮನೆಯ ಮಾತು ಸಲ್ಲದು, ವಿಷಯ ಮೊದಲ ಸಾಲಿನಲ್ಲೇ ಬರಬೇಕು, ಇತ್ಯಾದಿ. ಒಂದು ಕೆಂಪು ಪೆನ್ನು, ಸಾಕಷ್ಟು ಅಹಂಕಾರ ಎರಡನ್ನೂ ಸಂಪಾದಿಸಿಕೊಂಡು ಬಂದೆ.

"ಭಾವ, ವಿಜ್ಞಾನಿಗಳು ಹಸು ಕರು ಅಂತೆಲ್ಲ ಬರೆಯಲ್ಲ. ನಗ್ತಾರೆ" ಎಂದೆ.

"ನಗ್ಲಿ ಬುಡು. ಕ್ಷೇಮ ಕೇಳ್ದೆ ಅಂಕಿ ಕೇಳಾದು ಎಂಗಯ್ಯ? ಸಾಲ ವಸೂಲಿಗೆ ಹೋದಂಗಾಯ್ತದೆ."

ನಾನು ಬಾಯಿ ಮುಚ್ಚಿಕೊಂಡೆ, ಪೆನ್ನನ್ನು ಮುಚ್ಚಲಿಲ್ಲ. ಅಲ್ಲಿಂದಾಚೆಗೆ ಹಸು, ಕರು, ಮಂಡಿನೋವು ಯಾವುದೂ ಕೆ.ಆರ್. ನಗರ ದಾಟಿ ಹೋಗಲಿಲ್ಲ.

ಆ ಮಳೆಗಾಲದಲ್ಲಿ ಆಕೆಯ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: ನನ್ನ ಗಂಡ ಆಸ್ಪತ್ರೆಯಲ್ಲಿದ್ದಾರೆ, ಕೆಲಸ ತಡವಾಗಬಹುದು, ಕ್ಷಮಿಸಿ. ಭಾವ ಎರಡು ಪುಟ ಉತ್ತರ ಬರೆದರು. ಹಾರ್ಮೋನಿನ ಕೆಲಸ ಹಾಗಿರಲಿ, ಮೀನುಗಳು ಮುಂದಿನ ಮುಂಗಾರಿಗೂ ಇರುತ್ತವೆ, ನೀವು ಯಜಮಾನರ ಪಕ್ಕದಲ್ಲಿರಿ. ನನ್ನ ಹೆಂಡತಿ ಅವರ ಹೆಸರಿನಲ್ಲಿ ಸೋಮವಾರದ ಉಪವಾಸ ಹಿಡಿದಿದ್ದಾಳೆ. ಹೊತ್ತಿಗೆ ಸರಿಯಾಗಿ ನೀವೂ ಊಟ ಮಾಡಿ.

ನಾನು ಅದನ್ನು ಮೂರು ಸಾಲಿಗೆ ಇಳಿಸಿದೆ. ಸುದ್ದಿ ತಿಳಿದು ವಿಷಾದವಾಯಿತು ಎಂಬುದು ಮೊದಲನೆಯದು. ಶೀಘ್ರ ಗುಣವಾಗಲಿ ಎಂಬುದು ಎರಡನೆಯದು. ಮೂರನೆಯದು ಭಾವ ಬರೆದೇ ಇರಲಿಲ್ಲ, ನಾನೇ ಸೇರಿಸಿದೆ: ಮುಂಗಾರಿನ ಮಾದರಿಗಳ ಅಂಕಿಗಳನ್ನು ಯಾವಾಗ ನಿರೀಕ್ಷಿಸಬಹುದು? ಭಾವನ ಪ್ರಬಂಧ ಬೇಗ ಹೊರಬರಲಿ ಎಂಬ ಆಸೆ ನನಗೆ. ಆಸೆಯೇನೋ ಒಳ್ಳೆಯದೇ ಆಗಿತ್ತು. ಅದನ್ನು ಕಟ್ಟಿಕೊಂಡು ಏನು ಮಾಡಲಿ?

ಅಂಕಿಗಳು ಬಂದವು, ಬರೀ ಅಂಕಿಗಳು. ಕೆಳಗೆ ಕೈಬರಹವಿರಲಿಲ್ಲ. ಆಮೇಲೆ ಏನೂ ಬರಲಿಲ್ಲ.

ಭಾವ ದಿನವೂ ಕಾಲೇಜು ಬಿಟ್ಟ ಮೇಲೆ ಅಂಚೆ ಕಚೇರಿಗೆ ಹೋಗಿ ನಿಲ್ಲುತ್ತಿದ್ದರು. "ನಮ್ಮ ಪ್ರಬಂಧ ಏನಾಯ್ತೋ" ಎಂದು ಒಂದು ದಿನವೂ ಹೇಳಲಿಲ್ಲ. "ಪಾಪ, ಯಜಮಾನ್ರು ಎಂಗವ್ರೋ" ಎನ್ನುತ್ತಿದ್ದರು. ಮತ್ತೆ ಮೂರು ಪತ್ರ ಬರೆದು ಕೊಟ್ಟರು. ನಾನು ಹೆದರಿಕೊಂಡು ಅವನ್ನು ಒಂದಕ್ಷರ ಬಿಡದೆ ಟೈಪು ಮಾಡಿದೆ, ಆದರೆ ಹಿಂದೆ ನಾನು ಮಾಡಿದ್ದನ್ನು ಯಾವುದರಲ್ಲೂ ಬರೆಯಲಿಲ್ಲ. ಭಾವನಿಗೂ ಹೇಳಲಿಲ್ಲ. ಹೇಳಬೇಕು ಎಂದುಕೊಂಡು ಎಷ್ಟೋ ಸಲ ಹುಣಸೂರಿನ ಬಸ್ಸು ಹತ್ತಿದ್ದೇನೆ. ಅಕ್ಕ ಊಟಕ್ಕೆ ಹಾಕುತ್ತಿದ್ದಳು, ಭಾವ ಮೀನಿನ ಸುದ್ದಿ ತೆಗೆಯುತ್ತಿದ್ದರು, ನಾನು ಉಂಡು ವಾಪಸ್ಸು ಬರುತ್ತಿದ್ದೆ. ಅವರು ಮತ್ತೆರಡು ಮುಂಗಾರು ಮಾದರಿ ಸಂಗ್ರಹಿಸಿ ಗೂಡಿನಲ್ಲಿ ಜೋಡಿಸಿಟ್ಟರು. ಪ್ರಬಂಧ ಹೊರಬರಲೇ ಇಲ್ಲ.

ನಿವೃತ್ತಿಯಾದ ಮಾರನೆಯ ವರ್ಷ ಭಾವ ಹೃದಯಾಘಾತದಿಂದ ತೀರಿಕೊಂಡರು. ಶಿವಗಣಾರಾಧನೆ ಮುಗಿದ ಮೇಲೆ ಅಕ್ಕ ನನ್ನನ್ನು ಕರೆದು, "ಆ ಹಂಗೇರಿಯವ್ರಿಗೂ ಒಂದು ಕಾಗ್ದ ಆಕೋ. ತಿಳಿಸ್ದೆ ಇರಬಾರ್ದು" ಎಂದಳು.

ಟೈಪ್‌ರೈಟರಿನ ಮುಂದೆ ಕೂತೆ. ನಾವೆಲ್ಲ ಕ್ಷೇಮ ಎಂದು ಬರೆಯುವಂತಿರಲಿಲ್ಲ. ಟ್ರಂಕಿನಿಂದ ಭಾವನ ಆ ಎರಡು ಪುಟಗಳನ್ನು ತೆಗೆದು, ಊಟದ ಮಾತು, ಉಪವಾಸದ ಮಾತು ಎಲ್ಲವನ್ನೂ ಇದ್ದಂತೆಯೇ ಇಂಗ್ಲಿಷಿಗೆ ತಂದೆ. ಅಂದು ಭಾವ ಬರೆದದ್ದು ಇದು, ಕಳಿಸಿದ ಮೂರು ಸಾಲು ನನ್ನದು, ಬರೆದವರು ಈಗಿಲ್ಲ ಎಂದು ಕೆಳಗೆ ಸೇರಿಸಿ ಅಂಚೆಗೆ ಹಾಕಿದೆ.

ಉತ್ತರ ಅಕ್ಕನ ವಿಳಾಸಕ್ಕೆ ಬಂತು, ಪೂರ್ತಿ ಕೈಬರಹದಲ್ಲಿ. ಓದಿ ಹೇಳು ಎಂದು ಅಕ್ಕ ನನ್ನ ಎದುರಿಗೆ ಕೂತಳು. ನಿಮ್ಮ ಎಡಗಾಲಿನ ಮಂಡಿ ಹೇಗಿದೆ ಎಂದು ಶುರುವಾಗಿತ್ತು. ಆಮೇಲೆ ಹೀಗಿತ್ತು: "ನನ್ನ ಗಂಡನ ಅಂತ್ಯಕ್ರಿಯೆಯ ವಾರ ನಿಮ್ಮವರ ಪತ್ರ ಬಂದಿತ್ತು. ಅದರಲ್ಲಿ ಅಂಕಿ ಕೇಳಿದ್ದರು. ಕರುವಿನ ಸುದ್ದಿ ಬರೆಯುತ್ತಿದ್ದ ಮನುಷ್ಯ ಎಲ್ಲಿ ಹೋದನೆಂದು ಬಹಳ ನೊಂದುಕೊಂಡೆ. ಆಮೇಲೆ ಬಂದ ಪತ್ರಗಳನ್ನು ಒಡೆಯಲಿಲ್ಲ. ಇಷ್ಟು ವರ್ಷದ ಮೇಲೆ ಬಂದದ್ದೆಂದು ಇದೊಂದನ್ನು ಒಡೆದೆ."

ಆ ಸಾಲುಗಳನ್ನು ಹಾರಿಸಬಹುದಿತ್ತು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ಹಾರಿಸುವುದರಲ್ಲಿ ನನಗಿದ್ದ ಅಭ್ಯಾಸವೂ ಕಡಿಮೆಯದಲ್ಲ. ಹಾರಿಸಲಿಲ್ಲ. ಓದಿ, ಆ ಅಂಕಿ ಕೇಳಿದವನು ಭಾವ ಅಲ್ಲ, ನಾನು ಎಂದೆ.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೊಟ್ಟಿಗೆಗೆ ಹೋದಳು. ಭಾವನ ಗೂಡಿನಿಂದ ಒಂದು ಖಾಲಿ ಸೀಸೆ ತಂದು, ತೊಳೆದು, ಸೆರಗಿನಿಂದ ಒರೆಸಿ, ಅಡುಗೆಮನೆಯ ಡಬ್ಬಿಯಿಂದ ಎಳ್ಳು ತುಂಬಿ ನನ್ನ ಕೈಗಿಟ್ಟಳು.

"ಇದ್ರ ಮ್ಯಾಲೆ ತಿನ್ನಾದು ಅಂತ ಬರಿ" ಎಂದಳು. "ನಾನೇಳ್ದಂಗೇ ಬರಿ."